ಚಳಿಗಾಲವೂ ಊರ ನೀರಿನ ಟಾಕಿಯೂ

ಕೃಷ್ಣೆಯ ಕೆಂಪು ನೀರು ಇಳಿದು, ನಾರಾಯಣಪುರದ ಬಸವಸಾಗರದಲ್ಲಿ ನಿಂತ ನೀರು ತಿಳಿಯಾಗುವ ಕಾಲವಿದು. ಕಾಲುವೆಗೆ ಎಷ್ಟು ದಿನ ನೀರು ಬಿಡತಕ್ಕದ್ದು, ಎಷ್ಟು ದಿನ ನಿಲ್ಲಿಸತಕ್ಕದ್ದು ಎಂಬ ಚರ್ಚೆಯು ನೀರಾವರಿ ಸಲಹಾ ಸಮಿತಿಯಲ್ಲಿ ನಡೆಯುವದೂ, ಸುರಪುರ, ಶಹಾಪುರ, ಹುಣಸಗಿ ಕಡೆಯ ರೈತರು ಆ ನಿರ್ಣಯದ ಹಾದಿಯನ್ನು ಕಾಯುವದೂ ಈ ದಿನಗಳಲ್ಲಿಯೇ. ಹೊಲದ ನೀರಿನ ಬಗ್ಗೆ ಇಷ್ಟೊಂದು ವಾದವಿವಾದವು ನಡೆಯುತ್ತಿರಲು, ಊರ ನಡುವೆ ಕಂಬಗಳ ಮೇಲೆ ನಿಂತಿರುವ ಕುಡಿಯುವ ನೀರಿನ ಟಾಕಿಯೊಳಗೆ ಏನಿದೆಯೆಂದು ಕೇಳುವವರು ಮಾತ್ರ ಕಾಣುವದಿಲ್ಲ. ಆ ಪ್ರಶ್ನೆಯನ್ನು ಕೇಳುವದಕ್ಕೂ, ಟಾಕಿಯನ್ನು ಬರಿದು ಮಾಡಿ ತೊಳೆಯುವದಕ್ಕೂ ಚಳಿಗಾಲದಷ್ಟು ತಕ್ಕ ಸಮಯವು ಬೇರೊಂದಿಲ್ಲ. ಈ ಸಂಗತಿಯನ್ನು ನಮ್ಮ ವಾಚಕರ ಹಾಗೂ ಅಧಿಕಾರಿಗಳ ಲಕ್ಷ್ಯಕ್ಕೆ ತರುವದು ನಮ್ಮ ಕರ್ತವ್ಯವೆಂದು ತಿಳಿದು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಹಿಮ ಬೀಳುವ ದೇಶಗಳಲ್ಲಿ ಹೊರಗಿನ ತೊಟ್ಟಿಯನ್ನು ಚಳಿಗಾಲದಲ್ಲಿ ಕಾಪಾಡುವದೆಂದರೆ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುವದು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗಿಗೆ ಕಬ್ಬಿಣದ ನಳವೂ ಬಿರಿಯುತ್ತದೆ. ನಮ್ಮ ದೇಶದಲ್ಲಿಯೇ ಲಡಾಖದಂಥ ಸೀಮೆಯಲ್ಲಿ ನಳಗಳನ್ನು ನೆಲದೊಳಗೆ ಆಳವಾಗಿ ಹೂಳಬೇಕಾಗುತ್ತದೆ. ಅಲ್ಲಿ ಒಬ್ಬನು ಉದಾಸೀನ ಮಾಡಿದನೆಂದರೆ ಮರುದಿನ ಬೆಳಗಾಗುವಷ್ಟರಲ್ಲಿ ತೊಟ್ಟಿ ಒಡೆದು ಅವನ ಉದಾಸೀನವು ಊರಿಗೆಲ್ಲ ಗೊತ್ತಾಗುತ್ತದೆ. ಯಾದಗಿರಿ ಜಿಲ್ಲೆಯ ಚಳಿ ಅಂಥದಲ್ಲ. ಕಂಬಳಿ ಹೊದ್ದುಕೊಂಡು ಬೆಳಗಿನಲ್ಲಿ ಬೆಂಕಿ ಕಾಯಿಸಿಕೊಂಡರೆ ತೀರಿತು. ಹತ್ತು ಗಂಟೆಗೆ ಬಿಸಿಲು ಚುರುಕಾಗುತ್ತದೆ. ನಮ್ಮ ಟಾಕಿಯು ಚಳಿಗೆ ಒಡೆಯುವದಿಲ್ಲ. ಆದುದರಿಂದ ನಮ್ಮ ಉದಾಸೀನವು ಹೊರಬೀಳುವದೂ ಇಲ್ಲ. ನಳ ತಿರುಗಿಸಿದರೆ ನೀರು ಬರುತ್ತದೆ, ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ, ಬೇಸಿಗೆಯಲ್ಲಿದ್ದಂತೆ ಕೊಡಗಳ ಸಾಲಾಗಲಿ ಜಗಳವಾಗಲಿ ಇರುವದಿಲ್ಲ. ದೂರು ಇಲ್ಲದ ಕಡೆ ಕೆಲಸವೂ ಇಲ್ಲವೆಂಬದು ನಮ್ಮ ಸಾರ್ವಜನಿಕ ಆಡಳಿತದ ಹಳೆಯ ಚಾಳಿ.

ಹೀಗಿರಲು, ದೂರಿಲ್ಲದ ಈ ಕಾಲದ ಎರಡೂ ಅಂಚುಗಳಲ್ಲಿ ಈ ಜಿಲ್ಲೆಯು ಏನನ್ನು ಕಂಡಿದೆಯೆಂಬದನ್ನು ನೆನೆಯಬೇಕು. 2022ನೆಯ ಇಸವಿಯ ಅಕ್ಟೋಬರದಲ್ಲಿ, ಮಳೆಗಾಲ ಮುಗಿಯುತ್ತಿದ್ದಾಗ, ಶಹಾಪುರ ತಾಲೂಕಿನ ಹೋತಪೇಟದಲ್ಲಿ ಕಲುಷಿತವಾದ ನೀರು ಕುಡಿದು ವಾಂತಿಭೇದಿ ಹಬ್ಬಿ ಪ್ರಾಣಹಾನಿಯಾಯಿತು. ಮುಂದೆ 2023ರ ಜನೇವರಿ 19ನೆಯ ತಾರೀಖು ನಾರಾಯಣಪುರಕ್ಕೆ ಸಮೀಪದ ಕೊಡೇಕಲ್ಲಿನಲ್ಲಿ ದೇಶದ ಪ್ರಧಾನ ಮಂತ್ರಿಗಳು ಯಾದಗಿರಿ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಅಡಿಗಲ್ಲನ್ನಿಟ್ಟರು. 2,050 ಕೋಟಿ ರೂಪಾಯಿಗೂ ಮಿಗಿಲಾದ ವೆಚ್ಚ; ದಿನವೊಂದಕ್ಕೆ 117 ದಶಲಕ್ಷ ಲೀಟರು ನೀರನ್ನು ಶುದ್ಧಮಾಡತಕ್ಕ ಘಟಕ; 700ಕ್ಕೂ ಹೆಚ್ಚಿನ ಗ್ರಾಮವಸತಿಗಳಿಗೂ ಮೂರು ಪಟ್ಟಣಗಳಿಗೂ ನೀರು ಎಂದು ಆ ದಿನ ಸಾರಲಾಯಿತು. ಅದಾಗಿ ತಿಂಗಳು ತುಂಬುವಷ್ಟರಲ್ಲಿ, ಫೆಬ್ರುವರಿಯಲ್ಲಿ, ಇದೇ ಜಿಲ್ಲೆಯ ಗುರುಮಠಕಲ್ ತಾಲೂಕಿನ ಅನಪುರದಲ್ಲಿ ಕೆಟ್ಟ ನೀರು ಕುಡಿದು ಹತ್ತಾರು ಜನರು ಹಾಸಿಗೆ ಹಿಡಿದರು. ಹೆಣ್ಣುಮಕ್ಕಳು ಪ್ರಾಣ ಬಿಟ್ಟರು. ಯೋಜನೆಯನ್ನು ಹೀಗಳೆಯುವದಕ್ಕಾಗಿ ನಾವು ಈ ಎರಡು ಸಂಗತಿಗಳನ್ನು ಜೊತೆಗಿರಿಸುತ್ತಿಲ್ಲ. ಕೃಷ್ಣೆಯ ನೀರು ಹಳ್ಳಿಯ ಬಾಯಿಗೆ ಬರಬೇಕೆಂಬದು ಈ ಸೀಮೆಯ ಬಹು ದಿನಗಳ ಹಂಬಲ. ಅದನ್ನು ಬೇಡವೆನ್ನುವವರು ಯಾರು? ಆದರೆ ಎಷ್ಟೇ ದೊಡ್ಡ ಘಟಕದಲ್ಲಿ ಶುದ್ಧವಾದ ನೀರೂ ಕೊನೆಗೆ ಬಂದು ಇಳಿಯುವದು ನಮ್ಮೂರಿನ ಅದೇ ಟಾಕಿಯಲ್ಲಿ. ಟಾಕಿಯ ತಳದಲ್ಲಿ ಗೇಣುದ್ದ ಕೆಸರಿದ್ದರೆ ನೂರು ಮೈಲಿನ ನಳದ ಖರ್ಚು ಕೊನೆಯ ನೂರು ಗಜದಲ್ಲಿ ನೀರುಪಾಲಾಯಿತೆಂದೇ ತಿಳಿಯಬೇಕು. ಪ್ರತಿಯೊಂದು ಅನಾಹುತಕ್ಕೂ ಟಾಕಿಯೇ ಕಾರಣವೆಂದು ನಾವು ಹೇಳುವದಿಲ್ಲ. ಚರಂಡಿಯಲ್ಲಿ ಮುಳುಗಿದ ಒಡಕು ನಳವೂ, ಗುಂಡಿಯಲ್ಲಿ ಕೊಳೆನೀರು ನಿಂತ ವಾಲ್ವೂ ಅಷ್ಟೇ ಅಪಾಯಕಾರಿಗಳು. ಆದರೆ ನಳವು ನೆಲದೊಳಗೆ ಕಾಣದೆ ಇರುತ್ತದೆ. ಟಾಕಿಯೋ, ಎಲ್ಲರ ಕಣ್ಣೆದುರಿಗೆ ನಿಂತಿದೆ. ಅದನ್ನು ನೋಡದಿರುವದಕ್ಕೆ ನೆವವಿಲ್ಲ.

ಇನ್ನು ಚಳಿಗಾಲವೇ ಏಕೆಂಬದನ್ನು ವಿಚಾರಿಸೋಣ. ಮಳೆಗಾಲದಲ್ಲಿ ನದಿಯ ನೀರೂ ಕಾಲುವೆಯ ನೀರೂ ರಾಡಿಯಾಗಿರುತ್ತವೆ. ಆ ರಾಡಿಯ ನುಣ್ಣನೆಯ ಮಣ್ಣು ನಾಲ್ಕು ತಿಂಗಳು ಟಾಕಿಯ ತಳದಲ್ಲಿ ಕೂಡುತ್ತ ಹೋಗುತ್ತದೆ. ದೀಪಾವಳಿಯ ಹೊತ್ತಿಗೆ ಹೊಸ ಮಣ್ಣು ಬರುವದು ನಿಲ್ಲುತ್ತದೆ, ಹಳೆಯದು ಮಾತ್ರ ಉಳಿಯುತ್ತದೆ. ಆಗ ಒಮ್ಮೆ ತೊಳೆದರೆ ಅದು ಬಹುಕಾಲ ನಿಲ್ಲುವ ಕೆಲಸ. ಆಷಾಢದಲ್ಲಿ ತೊಳೆದರೆ ವಾರದಲ್ಲಿ ಮತ್ತೆ ಮೊದಲಿನಂತೆ. ಬೇಸಿಗೆಯಲ್ಲಂತೂ ತೊಳೆಯುವ ಮಾತೇ ಇಲ್ಲ. ಈ ಸೀಮೆಯ ಮೇ ತಿಂಗಳ ಬಿಸಿಲಿನಲ್ಲಿ, ಕೊಡ ನೀರಿಗಾಗಿ ಜನರು ಕಾದು ನಿಂತಿರುವಾಗ, 50,000 ಲೀಟರಿನ ಟಾಕಿಯನ್ನು ಬರಿದು ಮಾಡಿ ಒಂದು ದಿನ ನಿಲ್ಲಿಸುತ್ತೇನೆಂದು ಯಾವ ಪಂಚಾಯತಿಯವನು ಹೇಳಿಯಾನು? ತಲೆಗೆ 55 ಲೀಟರೆಂಬದು ಜಲಜೀವನ ಯೋಜನೆಯ ಗೊತ್ತುಪಾಡು. ಸಾವಿರ ಜನರ ಊರಿಗೆ ಅದು ದಿನಕ್ಕೆ 55,000 ಲೀಟರಾಯಿತು. ಎಂದರೆ ಒಂದು ಟಾಕಿ ಒಂದು ದಿನದ ಬಾಳು. ಆ ಒಂದು ದಿನವನ್ನು ಬಿಡುವಾಗಿ ಕೊಡುವ ಋತು ಚಳಿಗಾಲವೊಂದೇ. ಆಗ ಜನರು ನೀರು ಬಳಸುವದೂ ಕಡಿಮೆ, ನೆರೆಯ ಬಾವಿಯಲ್ಲಿಯೂ ಬೋರಿನಲ್ಲಿಯೂ ನೀರಿರುತ್ತದೆ, ತೊಳೆದ ಗೋಡೆ ಬಿಸಿಲಿಗೆ ಆರುತ್ತದೆ.

ಅನುಕೂಲವಿದ್ದಂತೆ ಅಪಾಯವೂ ಈ ಋತುವಿಗೆ ಸೇರಿದ್ದುಂಟು. ಹತ್ತಿ ಬಿಡಿಸುವದು, ತೊಗರಿ ರಾಶಿ ಮಾಡುವದು, ಮೆಣಸಿನಕಾಯಿ ಒಣಗಿಸುವದು ಎಲ್ಲವೂ ಈಗಲೇ. ರಾಶಿಯ ಹೊಟ್ಟೂ ಧೂಳೂ ಗಾಳಿಗೆ ಹಾರಿ, ಮುಚ್ಚಳವಿಲ್ಲದ ಟಾಕಿಯ ಬಾಯಿಯಲ್ಲಿ ಬೀಳುತ್ತವೆ. ತಣ್ಣನೆಯ ನೀರಿನಲ್ಲಿ ಕ್ಲೋರಿನ್ನಿನ ಕೆಲಸವು ನಿಧಾನ. ಬೇಸಿಗೆಯಲ್ಲಿ ಸಾಲುತ್ತಿದ್ದ ಹೊತ್ತು ಚಳಿಗಾಲದ ಬೆಳಗಿನಲ್ಲಿ ಸಾಲುವದಿಲ್ಲ. ನಸುಕಿನ ಐದು ಗಂಟೆಗೆ ಬ್ಲೀಚಿಂಗ್ ಪುಡಿ ಹಾಕಿ ಐದೂವರೆಗೆ ನಳ ಬಿಡುವ ಪದ್ಧತಿ ಇರುವ ಊರುಗಳಲ್ಲಿ ಜನರು ಔಷಧದ ವಾಸನೆಯನ್ನು ಕುಡಿಯುತ್ತಾರೆಯೇ ಹೊರತು ಔಷಧದ ಗುಣವನ್ನಲ್ಲ. ನೀರು ಪರೀಕ್ಷಿಸುವ ಸಣ್ಣ ಬಾಟಲಿಯ ವಿಷಯವೂ ಹೀಗೆಯೇ. ಮಲಿನವಾದ ನೀರನ್ನು ಅದರಲ್ಲಿ ತುಂಬಿಟ್ಟರೆ ಒಂದೆರಡು ದಿನಗಳಲ್ಲಿ ಅದು ಕಪ್ಪಾಗಬೇಕು; ಆದರೆ ಆ ಕ್ರಿಮಿಗಳು ಬೆಳೆಯಲು ಬೆಚ್ಚಗಿರಬೇಕು. ಚಳಿಯ ರಾತ್ರಿ ಕಿಟಕಿಯಲ್ಲಿಟ್ಟ ಬಾಟಲಿಯು ಮರುದಿನ ಕಪ್ಪಾಗಲಿಲ್ಲವೆಂದು ನೀರು ಒಳ್ಳೆಯದೆಂಬ ವರದಿ ಬರೆಯುವದು ಸರಿಯಲ್ಲ. ಅದನ್ನು ಬೆಚ್ಚಗಿನ ಮೂಲೆಯಲ್ಲಿಟ್ಟು ಪೂರಾ ಎರಡು ದಿನ ಕಾಯಬೇಕು. ಡೆಂಗೀ ತರುವ ಸೊಳ್ಳೆ ಮೊಟ್ಟೆಯಿಡುವದು ಚರಂಡಿಯಲ್ಲಲ್ಲ, ಇಂಥ ಶುದ್ಧವಾಗಿ ಕಾಣುವ ನಿಂತ ನೀರಿನ ಅಂಚಿನಲ್ಲಿ. ನೀರು ಬಸಿದರೂ ಗೋಡೆಗೆ ಅಂಟಿದ ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಯೇ ಬದುಕಿರಬಲ್ಲವು. ಆದುದರಿಂದ ಟಾಕಿಯನ್ನು ಬರಿದು ಮಾಡಿದರೆ ಸಾಲದು, ಗೋಡೆಯನ್ನು ಬ್ರಶ್ಶಿನಿಂದ ತಿಕ್ಕಲೇಬೇಕು.

ತೊಳೆಯುವದು ಹೇಗೆಂಬದು ಬಹು ದೊಡ್ಡ ವಿದ್ಯೆಯೇನೂ ಅಲ್ಲ. ಆದರೂ ನಾಲ್ಕು ಕಡೆ ನಾಲ್ಕು ವಿಧವಾಗಿ ನಡೆಯುವದನ್ನು ಕಂಡು ಇಲ್ಲಿ ಬಿಡಿಸಿ ಬರೆಯುತ್ತೇವೆ. ಊರಿಗೆ ಹಿಂದಿನ ದಿನವೇ ಡಂಗುರ ಸಾರಿಸಿ ನೀರು ತುಂಬಿಟ್ಟುಕೊಳ್ಳಲು ಹೇಳಬೇಕು. ಟಾಕಿಯ ತಳದಲ್ಲಿ ಕೆಸರು ಬಿಡುವದಕ್ಕೆಂದೇ ಇರುವ ವಾಲ್ವಿನಿಂದ ನೀರನ್ನು ಬಿಟ್ಟು, ತಳದ ಕೆಸರನ್ನು ಬಕೀಟಿನಲ್ಲಿ ತುಂಬಿ ಹೊರತೆಗೆಯಬೇಕು. ಅದನ್ನು ಊರಿಗೆ ಹೋಗುವ ನಳದೊಳಗೆ ತಳ್ಳಿಬಿಡುವ ಸೋಮಾರಿತನವನ್ನು ಯಾವ ಕಾರಣಕ್ಕೂ ಸಹಿಸಕೂಡದು. ಗೋಡೆ, ಕಂಬ, ತಳ, ಮುಚ್ಚಳದ ಒಳಬದಿ ಎಲ್ಲವನ್ನೂ ತಿಕ್ಕಿ ತೊಳೆದ ಬಳಿಕ, 10 ಲೀಟರಿನ ಬಕೀಟಿಗೆ 10 ಗ್ರಾಂ ಬ್ಲೀಚಿಂಗ್ ಪುಡಿಯಂತೆ ಕಲಸಿದ ನೀರನ್ನು ಬ್ರಶ್ಶಿನಿಂದ ಎಲ್ಲ ಕಡೆಗೆ ಹಚ್ಚಿ, ಅರ್ಧ ತಾಸು ಬಿಟ್ಟು, ಮತ್ತೆ ತೊಳೆದು ಆ ನೀರನ್ನೂ ಹೊರಬಿಡಬೇಕು. ಹೊರಬಿಟ್ಟ ನೀರು ದನಕರುಗಳು ಕುಡಿಯುವ ತೊಟ್ಟಿಗೂ ಕೆರೆಗೂ ಹೋಗದಂತೆ ನೋಡಿಕೊಳ್ಳಬೇಕು. ಅನಂತರ ಟಾಕಿಯನ್ನು ತುಂಬಿಸಿ, ಪ್ರತಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ, ಎಂದರೆ 50,000 ಲೀಟರಿಗೆ 125 ಗ್ರಾಂ. ಪುಡಿಯನ್ನು ಹಾಗೆಯೇ ಸುರಿಯದೆ ಬಕೀಟಿನಲ್ಲಿ ಕದಡಿ, ಸುಣ್ಣವು ತಳಕ್ಕೆ ಕುಳಿತ ಮೇಲೆ ತಿಳಿಯನ್ನು ಮಾತ್ರ ಹಾಕಬೇಕು. ಬೇಸಿಗೆಯಲ್ಲಿ ಒಂದು ತಾಸು ಬಿಡುವವರು ಈಗ ಎರಡು ತಾಸು ಬಿಡಲಿ. ಆಮೇಲೆ ಊರಿನ ಕೊನೆಯ ನಳದಲ್ಲಿ ನೀರು ಹಿಡಿದು ಪರೀಕ್ಷಿಸಬೇಕು, ಲೀಟರಿಗೆ 0.2 ಮಿಲಿಗ್ರಾಮಿಗೆ ಕಡಿಮೆಯಿಲ್ಲದಷ್ಟು ಕ್ಲೋರಿನ್ ಅಲ್ಲಿ ಉಳಿದಿರಬೇಕೆಂದು ಭಾರತೀಯ ಮಾನಕವು ಹೇಳುತ್ತದೆ. ಟಾಕಿಯ ಬುಡದ ನಳದಲ್ಲಿ ಪರೀಕ್ಷೆ ಮಾಡಿ ತೃಪ್ತಿಪಡುವವರು ತಮ್ಮನ್ನು ತಾವೇ ಮೋಸಗೊಳಿಸಿಕೊಂಡಂತೆ.

ಪುಡಿಯ ವಿಷಯವಾಗಿ ಇನ್ನೊಂದು ಮಾತು. ಬ್ಲೀಚಿಂಗ್ ಪುಡಿಯು ಗಾಳಿ, ತೇವ, ಬೆಳಕುಗಳಿಗೆ ಸಿಕ್ಕು ದಿನದಿನಕ್ಕೆ ಸತ್ವ ಕಳೆದುಕೊಳ್ಳುವ ವಸ್ತು. ಮಳೆಗಾಲಕ್ಕೆ ಮುಂಚೆ ತಂದ ಚೀಲವು ಪಂಚಾಯತಿಯ ಕೋಣೆಯಲ್ಲಿ ಬಾಯಿ ತೆರೆದು ಬಿದ್ದಿದ್ದು, ಕಾರ್ತಿಕದ ಹೊತ್ತಿಗೆ ಗಂಟುಗಟ್ಟಿ ಸುಣ್ಣವೇ ಆಗಿರುತ್ತದೆ. ಅದನ್ನು ತೂಕ ಹಾಕಿ ಹಾಕಿದರೇನು, ಹಾಕದಿದ್ದರೇನು?

ಟಾಕಿಯೊಳಗೆ ಇಳಿಯುವವನ ಜೀವದ ಮಾತನ್ನು ನಾವು ಒತ್ತಿ ಹೇಳಬೇಕಾಗಿದೆ. ಮುಚ್ಚಿದ ತೊಟ್ಟಿಯಲ್ಲಿ ಗಾಳಿಯಾಡುವದಿಲ್ಲ. ಬ್ಲೀಚಿಂಗ್ ಪುಡಿಯ ಘಾಟು ಅಲ್ಲಿ ಉಸಿರು ಕಟ್ಟಿಸುತ್ತದೆ. ನೀರೆತ್ತಲು ಎಣ್ಣೆಯ ಎಂಜಿನ್ನನ್ನು ಬಾಯಿಯ ಹತ್ತಿರ ಇಟ್ಟರೆ ಅದರ ಹೊಗೆಯು ವಾಸನೆಯನ್ನೂ ತೋರದೆ ಕೊಲ್ಲಬಲ್ಲದು. ಮುಚ್ಚಳಗಳನ್ನೆಲ್ಲ ಮೊದಲೇ ತೆರೆದು ಗಾಳಿ ಬಿಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿದ್ದಾಗ ಮಾತ್ರ ಒಬ್ಬನು ಇಳಿಯತಕ್ಕದ್ದು. ಏಣಿಯ ಮೆಟ್ಟಿಲುಗಳು ತುಕ್ಕು ಹಿಡಿದು ಮುರಿದಿರುವ ಟಾಕಿಗಳು ಬೇಕಾದಷ್ಟಿವೆ. ನಲವತ್ತು ಅಡಿ ಎತ್ತರದ ಅಂಥ ಏಣಿಯನ್ನು ಚಳಿಯಲ್ಲಿ ಮರಗಟ್ಟಿದ ಕೈಗಳಿಂದ ಏರು ಎಂದು ಬಡವನೊಬ್ಬನಿಗೆ ಹೇಳುವದಕ್ಕೆ ನಮ್ಮ ನಾಲಗೆಗಳು ಹೇಗೆ ಏಳುತ್ತವೋ ತಿಳಿಯದು. ಏಣಿಯು ದುರಸ್ತಾಗದೆ ಟಾಕಿ ಸ್ವಚ್ಛವಾಗಲಾರದು.

ನೀರಿಗೂ ರೋಗಕ್ಕೂ ಇರುವ ಸಂಬಂಧವನ್ನು ನಮ್ಮ ಜನರಿಗೆ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಜರ್ಮನಿಯ ವೈದ್ಯ ರಾಬರ್ಟ್ ಕೋಖನು 1884ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ಹಬ್ಬಿದ್ದ ಕೇರಿಯ ಜನರು ಬಳಸುತ್ತಿದ್ದ ಕೊಳದ ನೀರಿನಲ್ಲಿಯೇ ಆ ರೋಗದ ಕ್ರಿಮಿಯನ್ನು ಕಂಡನು. ಅಷ್ಟು ದೂರ ಹೋಗುವದೂ ಬೇಡ. ನಮ್ಮ ಈ ಬಯಲುಸೀಮೆಯ ಹಿರಿಯರಿಗೆ ನಾರುಹುಣ್ಣಿನ ನೆನಪು ಇನ್ನೂ ಇರುವದು. ಮೆಟ್ಟಿಲಬಾವಿಗೆ ಇಳಿದು ಕಾಲು ತೊಯಿಸಿದವನ ಹುಣ್ಣಿನಿಂದ ಹುಳುವಿನ ಮರಿಗಳು ನೀರು ಸೇರಿ, ಆ ನೀರು ಕುಡಿದವನ ಮೈಯಲ್ಲಿ ವರುಷದ ಮೇಲೆ ಗಜ ಉದ್ದದ ನಾರಾಗಿ ಹೊರಬರುತ್ತಿದ್ದವು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿದ್ದ ಆ ಪೀಡೆಗೆ ಲಸಿಕೆಯಿರಲಿಲ್ಲ, ಔಷಧವಿರಲಿಲ್ಲ. ನೀರಿಗೆ ಕಾಲು ತಗಲದಂತೆ ಬಾವಿಯನ್ನು ಕಟ್ಟುವದು, ನೀರನ್ನು ಬಟ್ಟೆಯಲ್ಲಿ ಸೋಸುವದು, ಕೈಪಂಪು ಹಾಕುವದು, ಊರೂರಿಗೆ ಹೋಗಿ ರೋಗಿಯನ್ನು ಗುರುತಿಸುವದು ಇಷ್ಟರಿಂದಲೇ ಅದು ಅಳಿಯಿತು. ದೇಶದ ಕಡೆಯ ರೋಗಿಯು ಕಂಡುಬಂದದ್ದು 1996ರಲ್ಲಿ. 2000ನೆಯ ಇಸವಿಯಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿತು. ಬರಿಯ ನೀರಿನ ಶಿಸ್ತಿನಿಂದ ಒಂದು ರೋಗವನ್ನೇ ದೇಶದಿಂದ ಅಟ್ಟಿದ ಜನರಿಗೆ ಊರ ಟಾಕಿಯನ್ನು ವರುಷಕ್ಕೆ ಎರಡು ಸಲ ತೊಳೆಯುವದು ಆಗದ ಕೆಲಸವೆಂದರೆ ನಂಬುವವರಾರು?

ಆದರೂ ಆಗುತ್ತಿಲ್ಲ. ಕಾರಣವೇನೆಂದು ನೋಡಿದರೆ, ಕಟ್ಟುವವನಿಗೆ ಸಿಕ್ಕುವ ಮಾನವೂ ಹಣವೂ ಕಾಯುವವನಿಗೆ ಸಿಕ್ಕುವದಿಲ್ಲ. ಟಾಕಿ ಕಟ್ಟಿದರೆ ಅಡಿಗಲ್ಲುಂಟು, ಉದ್ಘಾಟನೆಯುಂಟು, ಹಾರತುರಾಯಿಗಳುಂಟು, ಗುತ್ತಿಗೆಯ ಲಾಭವುಂಟು. ಟಾಕಿಯನ್ನು ತೊಳೆದವನ ಕೊರಳಿಗೆ ಹಾರ ಹಾಕಿದ್ದನ್ನು ನಾವು ಈ ವರೆಗೆ ಕಂಡಿಲ್ಲ. ನಮ್ಮ ಪೂರ್ವಿಕರು ಈ ದೋಷವನ್ನು ಅರಿತಿದ್ದರೆಂದು ತೋರುತ್ತದೆ. ಕನ್ನಡ ನಾಡಿನ ಶಾಸನಗಳನ್ನು ನೋಡಿದವರಿಗೆ ಕೆರೆಗೊಡಗೆ, ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಪರಿಚಿತವಾಗಿರುವವು. ಕೆರೆಯನ್ನು ಕಟ್ಟಿಸಿ ಬಿಡುವದಲ್ಲದೆ, ಅದರ ಏರಿ, ತೂಬು, ಹೂಳುಗಳ ಯೋಗಕ್ಷೇಮಕ್ಕಾಗಿ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುವದು, ಹೂಳು ಹೊರುವ ಬಂಡಿಗೂ ಅದರ ಆಳಿಗೂ ದತ್ತಿ ಹಾಕುವದು ಅಂದಿನ ರೂಢಿ. ಈ ಸೀಮೆಯಲ್ಲಿಯೇ ಸುರಪುರದ ನಾಯಕರ ಕಾಲದ್ದೆಂದು ಹೇಳುವ ಬೋನಾಳ ಕೆರೆ ಇಂದಿಗೂ ನಿಂತಿದೆ. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿದು ಅದು ಪಕ್ಷಿಧಾಮವೆನಿಸಿದೆ. ರಾಜರು ಹೋದರೂ ಕೆರೆ ಉಳಿದದ್ದು ಯಾರೋ ಅದರ ಏರಿಯ ಮೇಲೆ ವರುಷವರುಷವೂ ಬುಟ್ಟಿ ಮಣ್ಣು ಹಾಕುತ್ತ ಬಂದದ್ದರಿಂದ. ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿಯೂ ನೀರಿನ ಚಿಂತೆಯನ್ನು ಕೀಳೆಂದು ಬಗೆಯಲಿಲ್ಲ. 1924ರ ಡಿಸೆಂಬರದ ಚಳಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆದಾಗ, ನೆರೆದ ಜನಸ್ತೋಮಕ್ಕೆ ನೀರಿಗಾಗಿ ತೋಡಿಸಿದ ಬಾವಿಯು ಟಿಳಕವಾಡಿಯಲ್ಲಿ ಇಂದಿಗೂ ಕಾಂಗ್ರೆಸ್ ಬಾವಿಯೆಂಬ ಹೆಸರಿನಿಂದ ಇದೆ.

ಈಗ ಹಣವಿಲ್ಲವೆಂಬ ಮಾತು ನಿಲ್ಲುವಂಥದಲ್ಲ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗೆ ಗ್ರಾಮಸಂಸ್ಥೆಗಳಿಗೆ ಕೊಡಮಾಡಿದ ಅನುದಾನದಲ್ಲಿ ಶೇಕಡಾ 60ರಷ್ಟನ್ನು ನೀರು ಮತ್ತು ನೈರ್ಮಲ್ಯಗಳಿಗೇ ಮೀಸಲಿಟ್ಟಿತ್ತು; ಅದರ ಅರ್ಧವು ಕುಡಿಯುವ ನೀರಿಗೆ. 371ಜೆ ಕಲಮಿನ ಬಲದಿಂದ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿಯೂ ಹಣವೂ ಇದೆ. ಹತ್ತು ಬಕೀಟು, ನಾಲ್ಕು ಬ್ರಶ್ಶು, ಹಗ್ಗ, ಒಂದು ಚೀಲ ಪುಡಿ, ನಾಲ್ವರ ಒಂದು ದಿನದ ಕೂಲಿ: ಒಂದು ಟಾಕಿಯ ಖರ್ಚು ಒಂದು ಅಡಿಗಲ್ಲಿನ ಸಮಾರಂಭದ ಹಂದರದ ಖರ್ಚಿಗೂ ಬಾರದು. ಕೊರತೆಯಿರುವದು ನೀರು ಬಿಡುವ ಮನುಷ್ಯನ ವಿಷಯದಲ್ಲಿ. ವಾಟರ್‌ಮನ್ನನೆಂದು ನಾವು ಕರೆಯುವ ಈತನು ನಸುಕಿನಲ್ಲೆದ್ದು ವಾಲ್ವು ತಿರುಗಿಸಿ, ರಾತ್ರಿ ಕರೆಂಟು ಬಂದ ಹೊತ್ತಿಗೆ ಪಂಪು ಹಚ್ಚಿ, ಊರಿನ ಬೈಗುಳನ್ನೆಲ್ಲ ತಿಂದು, ತಿಂಗಳುಗಟ್ಟಲೆ ಪಗಾರಕ್ಕಾಗಿ ಕಾಯುವನು. ಪಗಾರ ಬಾಕಿಯೆಂದು ಇವರು ಧರಣಿ ಕೂಡುವ ಸುದ್ದಿ ನಮ್ಮ ರಾಜ್ಯದಲ್ಲಿ ಅಪರೂಪವಲ್ಲ. ಊರಿನ ಆರೋಗ್ಯವನ್ನು ಯಾರ ಕೈಯಲ್ಲಿಟ್ಟಿದ್ದೇವೆಯೋ ಅವನ ಮಕ್ಕಳ ಹೊಟ್ಟೆಯನ್ನು ಹಸಿದಿಡುವದು ಎಂಥ ಜಾಣತನ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಯ 19ನೆಯ ಗೇಟಿನ ಸರಪಳಿ ಹರಿದು ಗೇಟು ಕೊಚ್ಚಿಹೋದಾಗ ಸರಕಾರವೇ ಅಲ್ಲಿಗೆ ಧಾವಿಸಿತು, ಧಾವಿಸತಕ್ಕದ್ದೇ. ಆದರೆ ಊರ ಟಾಕಿಯ ಮುಚ್ಚಳ ಹಾರಿಹೋದರೆ ಧಾವಿಸುವವರು ಯಾರು?

ಮುಚ್ಚಳದ ಜೊತೆಗೆ ಬೀಗದ ಮಾತೂ ಬರುತ್ತದೆ. 2022ರ ಡಿಸೆಂಬರದಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ವೆಂಗೈವಯಲಿನಲ್ಲಿ ದಲಿತ ಕುಟುಂಬಗಳು ನೀರು ಕುಡಿಯುತ್ತಿದ್ದ ಟಾಕಿಯೊಳಗೆ ಮನುಷ್ಯರ ಮಲವು ಕಂಡುಬಂದಿತು. ಬರೆಯಲು ಕೈ ಬಾರದಂಥ ಸಂಗತಿ. ಟಾಕಿಗೆ ಬೀಗವಿರಬೇಕು, ಬೀಗದ ಕೈ ಯಾರಲ್ಲಿದೆಯೆಂಬದು ಊರಿಗೆ ಗೊತ್ತಿರಬೇಕು. ನಮ್ಮ ಊರುಗಳಲ್ಲಿ ಇನ್ನೊಂದು ಅನ್ಯಾಯವು ಸದ್ದಿಲ್ಲದೆ ನಡೆಯುತ್ತದೆ. ನಳದ ಕೊನೆಯ ತುದಿ ಮುಟ್ಟುವದು ಹೆಚ್ಚಾಗಿ ಹರಿಜನ ಕೇರಿಯನ್ನೋ ತಾಂಡೆಯನ್ನೋ. ಅಲ್ಲಿಗೆ ನೀರು ಮುಟ್ಟುವಾಗ ಒತ್ತಡವು ಕುಗ್ಗಿರುತ್ತದೆ, ಒಡಕಿನಿಂದ ಚರಂಡಿಯ ನೀರು ಒಳಸೇರುವದು ಅಂಥ ಕಡೆಯೇ, ಕ್ಲೋರಿನ್ನು ಮುಗಿದಿರುವದೂ ಅಲ್ಲಿಯೇ. ಕೊನೆಯ ನಳದಲ್ಲಿ ಪರೀಕ್ಷೆ ಮಾಡಿರೆಂದು ನಾವು ಮೇಲೆ ಹೇಳಿದ್ದರಲ್ಲಿ ನ್ಯಾಯದ ವಿಚಾರವೂ ಸೇರಿದೆಯೆಂದು ವಾಚಕರು ತಿಳಿಯಬೇಕು.

ಇದೇ ಸುರಪುರ ತಾಲೂಕಿನ ಕಿರದಳ್ಳಿ ತಾಂಡೆಯ ಅಂತರ್ಜಲದಲ್ಲಿ ಶಂಖಪಾಷಾಣವು, ಎಂದರೆ ಆರ್ಸೆನಿಕ್, ಕಂಡುಬಂದು ಜನರು ನರಳಿದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಹಳೆಯ ಮಂಗಳೂರು ಚಿನ್ನದ ಗಣಿಯ ಆಸುಪಾಸಿನ ನೆಲವದು. ಅಂಥ ವಿಷಕ್ಕೆ ಟಾಕಿ ತೊಳೆಯುವದೂ ಬ್ಲೀಚಿಂಗ್ ಪುಡಿಯೂ ಉಪಾಯಗಳಲ್ಲ. ಬೇರೆ ನೀರೇ ಬೇಕು. ಆದುದರಿಂದ ಬೋರಿನ ನೀರನ್ನು ಟಾಕಿಗೆ ಏರಿಸುವ ಊರಿನವರು ಅದರ ಪರೀಕ್ಷೆಯನ್ನು ಜಿಲ್ಲೆಯ ಪ್ರಯೋಗಶಾಲೆಯಲ್ಲಿ ಪ್ರತ್ಯೇಕವಾಗಿ ಮಾಡಿಸತಕ್ಕದ್ದು.

ಮನೆಗಳ ಬಗ್ಗೆ ಎರಡೇ ಮಾತು. ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ಪ್ರತಿ ಮನೆಯೂ ಒಂದು ಸಣ್ಣ ಟಾಕಿಯೇ. ಅಂಗಳದ ಹೌಜು, ಮಾಳಿಗೆಯ ಮೇಲಿನ ಸಿಂಟೆಕ್ಸು, ಪಡಸಾಲೆಯ ಹರವಿ ಯಾವದಾದರೂ ಆಗಲಿ, ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆದರೆ ಸೊಳ್ಳೆಯ ಮರಿಗೆ ರೆಕ್ಕೆ ಬರುವ ಮೊದಲೇ ಕೆಲಸ ತೀರುತ್ತದೆ. ಹರವಿಯೊಳಗೆ ಕೈಯದ್ದದೆ ಹಿಡಿಕೆಯ ಸೌಟಿನಿಂದ ನೀರು ತೆಗೆಯುವ ಪಾಠವನ್ನು ನಮ್ಮ ತಾಯಂದಿರು ಕಲಿಸಿದ್ದರು, ಮೊಮ್ಮಕ್ಕಳು ಮರೆತಿದ್ದಾರೆ.

ಈಗ ನಮ್ಮ ಸೂಚನೆಗೆ ಬರುತ್ತೇವೆ. ಸರಕಾರದ ಸುತ್ತೋಲೆಗಳಲ್ಲಿ ಇಂಥ ತಿಂಗಳು, ಇಂಥ ತ್ರೈಮಾಸಿಕ ಎಂದಿದ್ದರೆ ಹಳ್ಳಿಯವರಿಗೆ ಅದು ನೆನಪಿರುವದಿಲ್ಲ. ಈ ಸೀಮೆಯಲ್ಲಿ ಎಳ್ಳಮಾವಾಸ್ಯೆಯನ್ನು ಮರೆಯುವ ಮನೆ ಒಂದೂ ಇಲ್ಲ. ಅಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲದೆ ಉಣ್ಣುವ ರೈತನಿಲ್ಲ. ಎಳ್ಳಮಾವಾಸ್ಯೆಯ ಒಳಗಾಗಿ ಒಂದು ಸಲ, ಮಹಾಶಿವರಾತ್ರಿಯ ಒಳಗಾಗಿ ಇನ್ನೊಂದು ಸಲ ಊರ ಟಾಕಿಯನ್ನು ತೊಳೆಯತಕ್ಕದ್ದೆಂದು ಪ್ರತಿ ಗ್ರಾಮ ಪಂಚಾಯತಿಯೂ ಠರಾವು ಮಾಡಲಿ. ಮೊದಲನೆಯದರಿಂದ ಮಳೆಗಾಲದ ಕೆಸರು ಹೋಗುವದು. ಎರಡನೆಯದರಿಂದ ರಾಶಿಯ ಧೂಳು ಹೋಗಿ ಬೇಸಿಗೆಗೆ ಟಾಕಿಯು ಸಿದ್ಧವಾಗುವದು. ಸಂಕ್ರಾಂತಿಗೆ ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆ ನೆರೆಯುತ್ತದೆ. ಅಲ್ಲಿಗೂ ಅದರ ದಾರಿಯ ಊರುಗಳಿಗೂ ಮೊದಲನೆಯ ತೊಳೆತವು ಜಾತ್ರೆಗೆ ಮುಂಚೆ ಮುಗಿದಿರಬೇಕೆಂದು ಹೇಳಬೇಕಾದುದಿಲ್ಲ. ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕೆಂದೂ, ಪ್ರತಿ ಊರಿನಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂದೂ ಜಲಜೀವನ ಯೋಜನೆಯ ನಿಯಮವಿದೆ. ತೊಳೆದ ದಿನ ಆ ಐವರು ಬುಡದಲ್ಲಿ ನಿಂತು, ಹೊರಬಂದ ಕೆಸರನ್ನು ಕಣ್ಣಾರೆ ಕಂಡು, ಕೊನೆಯ ನಳದ ನೀರನ್ನು ಪರೀಕ್ಷಿಸಿ, ಆಮೇಲೆ ಪುಸ್ತಕಕ್ಕೆ ರುಜು ಹಾಕಲಿ. ರುಜು ಬೀಳದೆ ಗುತ್ತಿಗೆದಾರನ ಬಿಲ್ಲು ಪಾಸಾಗಕೂಡದು. ತೊಳೆದವರ ಕೂಲಿಯೂ ವಾಟರ್‌ಮನ್ನನ ಬಾಕಿ ಪಗಾರವೂ ಅದೇ ದಿನ ಸಂದಾಯವಾಗಲಿ.

ತೊಳೆದ ತಾರೀಖನ್ನು ಟಾಕಿಯ ಕಂಬದ ಮೇಲೆ ಬಣ್ಣದಲ್ಲಿ ಬರೆಯುವ ಪದ್ಧತಿಯು ಹಲವು ಕಡೆ ಇದೆ. ಒಳ್ಳೆಯ ಪದ್ಧತಿ, ಆದರೆ ಕೆಲವು ಕಡೆ ಬಣ್ಣ ಮಾತ್ರ ಹೊಸದು, ಕೆಸರು ಹಳೆಯದು ಎಂಬ ಮಾತು ಕೇಳಿಬರುತ್ತದೆ. ನಾರಾಯಣಪುರ, ಕೊಡೇಕಲ್ಲು, ಹುಣಸಗಿ, ಸುರಪುರ, ಶಹಾಪುರ ಮತ್ತು ಯಾದಗಿರಿ ಕಡೆಯ ನಮ್ಮ ವಾಚಕರು ತಮ್ಮೂರಿನ ಟಾಕಿಯ ಬುಡಕ್ಕೆ ಹೋಗಿ, ಅಲ್ಲಿ ಬರೆದಿರುವ ತಾರೀಖು ಯಾವದು, ಮುಚ್ಚಳವಿದೆಯೋ ಇಲ್ಲವೋ, ಏಣಿ ಗಟ್ಟಿಯಾಗಿದೆಯೋ ಇಲ್ಲವೋ ಎಂಬದನ್ನು ಒಂದು ಕಾರ್ಡಿನ ಮೇಲೆ ಬರೆದು ನಮಗೆ ಕಳುಹಿಸಬೇಕೆಂದು ಪ್ರಾರ್ಥಿಸುತ್ತೇವೆ. ತಾರೀಖೇ ಇಲ್ಲದಿದ್ದರೆ ಇಲ್ಲವೆಂದೇ ಬರೆಯಲಿ. ಬಂದುದನ್ನೆಲ್ಲ ಊರಿನ ಹೆಸರಿನೊಡನೆ ಎಳ್ಳಮಾವಾಸ್ಯೆಯ ಮುಂಚಿನ ವಾರದಲ್ಲಿ ಇದೇ ಪುಟದಲ್ಲಿ ಪ್ರಕಟಿಸಿ, ಒಂದು ಪ್ರತಿಯನ್ನು ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಕಳುಹಿಸುವೆವು. ಶಿವರಾತ್ರಿಯ ಮುಂಚಿನ ವಾರದಲ್ಲಿ ಮತ್ತೊಮ್ಮೆ ಕೇಳುವೆವು.